ಗೋಡೆಗೊಂದು ಗಾದಿ

ಹತ್ತಕ್ಕೆ ಹತ್ತರ ಕೋಣೆ, ಎತ್ತರವೂ ಹತ್ತೇ ಅಡಿ, ಮೇಲೆ ಆರ್‌ಸಿಸಿ, ಕೆಳಗೆ ಕಡಪ ಕಲ್ಲು. ಬಳ್ಳಾರಿಯಲ್ಲಿ ಮನೆಯಲ್ಲೇ ರೆಕಾರ್ಡಿಂಗ್ ಮಾಡಲು ಹೊರಟವರ ಪಾಲಿಗೆ ಇಂಥ ಕೋಣೆ ಬಂದರೆ ಗ್ರಹಚಾರ. ಮೂರೂ ಅಳತೆ ಒಂದೇ ಆದ್ದರಿಂದ 56 ಹರ್ಟ್ಸ್ ಆಸುಪಾಸಿನ ಬೇಸ್ ಅಂದರೆ ತಗ್ಗು ಸ್ವರಕ್ಕೆ ಕೋಣೆಯೂ ದನಿಗೂಡಿಸುತ್ತದೆ. ಚಪ್ಪಾಳೆ ತಟ್ಟಿದರೆ ‘ಝಣ್’ ಎಂದು ಗೋಡೆಗಳೇ ಉತ್ತರ ಕೊಡುತ್ತವೆ. ಇದಕ್ಕೆ ಮದ್ದು, ಸದ್ದು ಹೀರುವ ಪ್ಯಾನೆಲ್‌ಗಳನ್ನು ಮಾಡಿಸಿ ಗೋಡೆಗೆ ನೇತುಹಾಕುವುದು.

ಮೊಟ್ಟೆ ಟ್ರೇ ಅಂಟಿಸಿ ಎನ್ನಲು ಪ್ರತಿ ಓಣಿಯಲ್ಲೂ ಒಬ್ಬರಿರುತ್ತಾರೆ. ಅದು ತೆಳ್ಳನೆ ರಟ್ಟು. ಒಂಚೂರು ಕೀಚಲು ದನಿ ಚದುರಿಸಬಹುದು, ಬೇಸ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಲಾಭವೆಲ್ಲ ಜಿರಲೆಗಳಿಗೆ.

ಪ್ಯಾನೆಲ್ ಒಳಗೆ ತುಂಬಲು ಬೇಕಾದದ್ದು ರಾಕ್‌ವೂಲ್, ಅಂದರೆ ಕಲ್ಲು ಕರಗಿಸಿ ತೆಗೆದ ಎಳೆಗಳ ಹಲಗೆ: ಘನ ಮೀಟರಿಗೆ 48ರಿಂದ 64 ಕೆಜಿ ಸಾಂದ್ರತೆ, 50 ಮಿಮೀ ದಪ್ಪ. ಹಲಗೆ 1200 x 600 ಮಿಮೀ ಇರುತ್ತದೆ. ಎಡವಟ್ಟು ಶುರುವಾಗುವುದೂ ಇಲ್ಲೇ. ಬಡಗಿಗೆ ‘ನಾಲ್ಕು ಎರಡು’ ಎಂದರೆ ಒಳ ಅಳತೆ ನಾಲ್ಕಡಿ ಇಟ್ಟು ಚೌಕಟ್ಟು ಮಾಡುತ್ತಾರೆ. 19 ಮಿಮೀ ಸಡಿಲಾಗಿ ರಾಕ್‌ವೂಲ್ ಒಳಗೇ ಕುಸಿಯುತ್ತದೆ. ಹೊರ ಅಳತೆ ನಾಲ್ಕಡಿ ಇಟ್ಟರೋ, ಪಟ್ಟಿಯ ದಪ್ಪ ಕಳೆದು 1180 ಮಿಮೀ ಉಳಿದು ಹಲಗೆ ಒಳಗೇ ಹೋಗುವುದಿಲ್ಲ. ಮೊದಲು ಹಲಗೆ ಕೊಂಡು ಬಡಗಿಯ ಮುಂದೆ ಇಟ್ಟುಬಿಡಿ. ಹಿಂದೆ ಪ್ಲೈವುಡ್ ಹೊಡೆಯದಂತೆ ಕಾವಲೂ ಇರಿ. “ಗಟ್ಟಿ ಇರ್ಲಿ ಬಿಡ್ರಿ ಸರ” ಎನ್ನುತ್ತಾರೆ. ಪ್ಲೈವುಡ್ ಬಿತ್ತೆಂದರೆ ಗೋಡೆಯಿಂದ ಎರಡಿಂಚು ಬಿಟ್ಟು ನೇತುಹಾಕಿದ್ದೂ ದಂಡ. ಆ ಸಂದಿಯಿಂದಲೇ ಪ್ಯಾನೆಲ್ ಇನ್ನಷ್ಟು ಕೆಳಗಿನ ಸ್ವರಗಳನ್ನು ಹೀರುವುದು. ಹಿಂಬದಿಗೂ ಬಟ್ಟೆಯೇ ಸಾಕು.

ರಾಕ್‌ವೂಲ್ ಕೊಯ್ಯಲು ಹಲ್ಲಿರುವ ಉದ್ದ ಚಾಕು ಬೇಕು. ಅದು ಅಡುಗೆಮನೆಯದ್ದಾದರೆ ವಾಪಸ್ ಇಡುವ ಧೈರ್ಯ ಮಾಡಬೇಡಿ. ಮಾಸ್ಕ್, ಗ್ಲೌಸ್, ತುಂಬುತೋಳಿನ ಅಂಗಿ ಕಡ್ಡಾಯ. ಬೇಸಿಗೆಯ ಬೆವರಿಗೆ ಆ ಎಳೆಗಳು ಅಂಟಿದರೆ ತುರಿಕೆ ಶುರು. ಉಜ್ಜದೆ ತಣ್ಣೀರು ಸುರಿದುಕೊಳ್ಳಿ. ಆ ಬಟ್ಟೆ ಮನೆಯವರ ಬಟ್ಟೆಗಳ ಜತೆ ಮಷಿನ್ ಸೇರಿದರೆ ತುರಿಕೆಯೂ ಕುಟುಂಬಸಮೇತ.

ಹೊದಿಕೆ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ, ಗಾಳಿ ಸಲೀಸಾಗಿ ಆಚೆ ಬರಬೇಕು. ಅಂಗಡಿಯವರು ವಿಚಿತ್ರವಾಗಿ ನೋಡಲಿ ಬಿಡಿ. ರೆಕ್ಸಿನ್ ನಪಾಸು. ಸ್ಟೇಪಲ್ ಹೊಡೆಯುವಾಗ ನಾಲ್ಕೂ ಬದಿಯ ನಡುವಿನಿಂದ ಶುರುಮಾಡಿ, ಮೂಲೆ ಕೊನೆಗೆ.

ಬಳ್ಳಾರಿಯವರಿಗೆ ಅಗ್ಗದ ದಾರಿ ಇನ್ನೊಂದಿದೆ: ಜೀನ್ಸ್ ಕಟಿಂಗ್‌ನಲ್ಲಿ ಉಳಿದ ಚಿಂದಿ. ಸಣ್ಣಗೆ ಕತ್ತರಿಸಿ ತುಂಬಿದರೆ ಚೆನ್ನಾಗಿಯೇ ಹೀರುತ್ತದೆ. ಆದರೆ ದಿನ ಕಳೆದಂತೆ ಅದು ಕೆಳಗಿಳಿದು ಪ್ಯಾನೆಲ್ಲಿಗೆ ಹೊಟ್ಟೆ ಬರುತ್ತದೆ. ಗಾದಿಗೆ ಹಾಕುವಂತೆ ಅಲ್ಲಲ್ಲಿ ಆರಪಾರ ದಾರ ಹಾಕಿ ಬಿಗಿಯಬೇಕು. ಚಿಂದಿ ರಾಕ್‌ವೂಲ್‌ನಂತೆ ಬೆಂಕಿ ತಡೆಯುವುದಿಲ್ಲ, ಇಲಿಗೂ ಇಷ್ಟ. ವೈರಿಂಗ್ ಹತ್ತಿರವಂತೂ ಬೇಡ.

ಇನ್ನು ಜಾಗ. ಎಲ್ಲರೂ ಮೈಕ್ ಹಿಂದಿನ ಗೋಡೆಗೇ ಮೊದಲು ಹಾಕುತ್ತಾರೆ. ಹಾಡಿಗೆ ಬಳಸುವ ಕಾರ್ಡಿಯಾಯ್ಡ್ ಎಂಬ ಬಗೆಯ ಮೈಕ್ ಕೇಳಿಸಿಕೊಳ್ಳುವುದು ಮುಂದಿನಿಂದ; ಹಾಡುವವರ ಬೆನ್ನ ಹಿಂದಿನ ಗೋಡೆಗೇ ಮೊದಲ ಪ್ಯಾನೆಲ್ ಸಲ್ಲಬೇಕು. ಬೇಸ್ ಹಿಡಿಯಲು ಮೂಲೆಗಳಲ್ಲಿ ನಾಲ್ಕಿಂಚು ದಪ್ಪದವು ಬೇಕು.

ಇಷ್ಟಾದ ಮೇಲೂ ಪಕ್ಕದ ಮನೆಯ ಮಿಕ್ಸಿ ಕೇಳಿಸುತ್ತದೆ. ಪ್ಯಾನೆಲ್ ನುಂಗುವುದು ಒಳಗಿನ ಅನುರಣನವನ್ನು, ಅಂದರೆ ಗೋಡೆಗೆ ಬಡಿದು ಮರಳುವ ಸದ್ದನ್ನು. ಹೊರಗಿನ ಸದ್ದು ತಡೆಯಲು ದಪ್ಪ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ರೆಕಾರ್ಡಿಂಗ್ ವೇಳೆ ಫ್ಯಾನ್ ಕೂಡ ಬಂದ್, ಅದೂ ಬಳ್ಳಾರಿಯ ಏಪ್ರಿಲ್‌ನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ತಂಪೂ ಇರುತ್ತದೆ, ಸದ್ದೂ ಕಮ್ಮಿ. ಗುಡಿಯ ಮೈಕಿನಲ್ಲಿ ಸುಪ್ರಭಾತ ಶುರುವಾಗುವುದರೊಳಗೆ ಮುಗಿಸಿಬಿಡಬೇಕು, ಅಷ್ಟೇ.