ಯುರೇನಿಯಂ ಕಾರ್ಖಾನೆಗೆ ಅಪ್ರೆಂಟಿಸ್ ಹೋದ ಹುಡುಗಿ

ನಮ್ಮ ಅಕ್ಕನ ಮಗಳು ಮಂಡ್ಯದಲ್ಲಿ ಐಟಿಐ ಮುಗಿಸಿದಳು. ಟ್ರೇಡ್ ಮೆಷಿನಿಸ್ಟ್. ಈಗ ಹೈದರಾಬಾದ್‌ನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್‌ನಲ್ಲಿ ಅಪ್ರೆಂಟಿಸ್. ಅಣು ವಿದ್ಯುತ್ ಸ್ಥಾವರಗಳಿಗೆ ಯುರೇನಿಯಂ ಇಂಧನ ತಯಾರಿಸುವ ಕಾರ್ಖಾನೆ ಅದು. ಆರ್ಡರ್ ಬಂದ ದಿನ ಸಿಹಿ ಹಂಚಬೇಕಿತ್ತು, ನಮ್ಮ ಮನೆಯಲ್ಲಿ ಪಂಚಾಯ್ತಿ ಕೂತಿತು. "ಅದು ಬಾಂಬ್ ಮಾಡೋ ಜಾಗ ಅಲ್ವೇನ್ಲಾ?" ಅಂತ ಭಾವ. "ನಾಳೆ ಗಂಡಿನ ಕಡೆಯವರು ಕೇಳಿದ್ರೆ ಏನಂತ ಹೇಳೋದು?" ಅಂತ ಅಕ್ಕ. ಕೂದಲೆಲ್ಲ ಉದುರುತ್ತೆ ಅಂತ ಪಕ್ಕದ ಮನೆಯವರು ಬೇರೆ ಬಂದು ಹೇಳಿ ಹೋದರು.

ಮೈಸೂರು, ಮಂಡ್ಯ ಕಡೆಯವರು ಹೀಗೆ ಹೆದರುವುದು ನೋಡಿದರೆ ನಗು ಬರುತ್ತದೆ. ಮೈಸೂರಿನ ಪಕ್ಕ ಯಲವಾಲದ ಹತ್ತಿರ ರತ್ನಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಯದೇ ಘಟಕ ಇದೆ. ಆ ಕಡೆಯವರು ದಿನಾ ಹಾಲು ಕರೆದು, ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸಿ ಬದುಕುತ್ತಿದ್ದಾರೆ.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟೂಲ್ ರೂಮ್ ಕೆಲಸ ಮಾಡುವವನು. ಅಣು ವಿಜ್ಞಾನಿ ಅಲ್ಲ. ಆದರೆ ಹೈದರಾಬಾದ್‌ನ ಆ ಕಾರ್ಖಾನೆಯಲ್ಲಿ ನಡೆಯುವ ಕೆಲಸದ ಬಹುಪಾಲು ನನ್ನಂಥವನಿಗೆ ಗೊತ್ತಿರುವ ಕೆಲಸವೇ. ಯುರೇನಿಯಂ ಡೈಆಕ್ಸೈಡ್ ಪುಡಿಯನ್ನು ಪ್ರೆಸ್‌ನಲ್ಲಿ ಒತ್ತಿ ಬೆರಳ ತುದಿಯಷ್ಟು ಗಾತ್ರದ ಪೆಲೆಟ್ ಮಾಡುತ್ತಾರೆ. ಹೈಡ್ರೋಜನ್ ಇರುವ ಕುಲುಮೆಯಲ್ಲಿ ಸುಮಾರು 1,700 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಬೆಂದಾಗ ಅದು ಕುಗ್ಗುತ್ತದೆ, ಎಲ್ಲಾ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಹಾಗಾಗಿ ಸೆಂಟರ್‌ಲೆಸ್ ಗ್ರೈಂಡಿಂಗ್‌ಗೆ, ಅಂದರೆ ಎರಡು ಚಕ್ರಗಳ ನಡುವೆ ಉರುಳಿಸಿ ಉಜ್ಜುವ ಮೆಷಿನ್‌ಗೆ, ಹಾಕಿ ಅಳತೆಗೆ ತರಬೇಕು. ಪೆಲೆಟ್‌ನ ಮುಖದಲ್ಲಿ ಸಣ್ಣ ಗುಳಿ ಬಿಟ್ಟಿರುತ್ತಾರೆ. ರಿಯಾಕ್ಟರ್ ಒಳಗೆ ಪೆಲೆಟ್‌ನ ನಡುಭಾಗ ಅಂಚಿಗಿಂತ ಜಾಸ್ತಿ ಕಾದು ಹಿಗ್ಗುತ್ತದೆ, ಆ ಹಿಗ್ಗಿಗೆ ಜಾಗ ಬೇಕಲ್ಲ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ.

ಆಮೇಲೆ ಅವನ್ನು ಜರ್ಕಲಾಯ್ (ಜರ್ಕೋನಿಯಂ ಮಿಶ್ರಲೋಹ) ಟ್ಯೂಬ್‌ಗೆ ತುಂಬಿ ಎರಡೂ ತುದಿಗೆ ಮುಚ್ಚಳ ವೆಲ್ಡ್ ಮಾಡುತ್ತಾರೆ. ಟ್ಯೂಬಿನ ಗೋಡೆ ಸುಮಾರು 0.4 ಮಿಲಿಮೀಟರ್ ಅಷ್ಟೇ. ಅಂಥ 19 ಟ್ಯೂಬ್ ಸೇರಿಸಿ, ಕಬ್ಬಿನ ಕಂತೆ ಕಟ್ಟಿದ ಹಾಗೆ, ಅರ್ಧ ಮೀಟರ್ ಉದ್ದದ ಒಂದು ಬಂಡಲ್. ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದು ರಿಯಾಕ್ಟರ್‌ನಲ್ಲಿ ಬಂಡಲ್ ತುಂಬುವ ಕೊಳವೆ, ಅಂದರೆ ಚಾನೆಲ್, 306; ಒಂದೊಂದರಲ್ಲೂ 12 ಬಂಡಲ್. ಒಟ್ಟು 3,672. ಒಂದು ಬಂಡಲ್‌ಗೆ ಮುಚ್ಚಳದ ವೆಲ್ಡ್ 38. ಗುಣಿಸಿ ನೋಡಿ, 1 ಲಕ್ಷ 39 ಸಾವಿರಕ್ಕೂ ಜಾಸ್ತಿ. ಅದರಲ್ಲಿ ಒಂದು ಸೋರಿದರೂ ಒಳಗಿನದ್ದು ಬಂಡಲ್‌ಗಳ ಸುತ್ತ ಹರಿದು ಶಾಖ ಒಯ್ಯುವ ಭಾರಜಲಕ್ಕೆ ಸೇರುತ್ತದೆ, ಯಾವ ಚಾನೆಲ್ ಅಂತ ಹುಡುಕಿ ಬಂಡಲ್ ತೆಗೆಯಬೇಕು. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. ಪೇಪರ್‌ನಲ್ಲಿ ಸ್ಥಾವರದ ಫೋಟೋ ಬಂತು. ವೆಲ್ಡ್ ಮಾಡಿದವರ ಫೋಟೋ ಯಾಕೆ ಹಾಕಲಿಲ್ಲ ಅಂತ ನನಗೆ ಈಗಲೂ ಸಿಟ್ಟು.

ಭಯ ಬೇಡ ಅಂತ ನಾನು ಹೇಳುತ್ತಿಲ್ಲ. ಹೆದರಬೇಕಾದದ್ದಕ್ಕೆ ಹೆದರಬೇಕು. ರಿಯಾಕ್ಟರ್‌ಗೆ ಹೋಗದ ಹೊಸ ಬಂಡಲ್ ಅನ್ನು ಗ್ಲೌಸ್ ಹಾಕಿಕೊಂಡು ಕೈಯಲ್ಲೇ ಎತ್ತಬಹುದು. ಹತ್ತಿರ ಸುಳಿಯಲಾಗದಷ್ಟು ಅಪಾಯ ಬರುವುದು ರಿಯಾಕ್ಟರ್‌ನಲ್ಲಿ ಉರಿದ ಮೇಲೆ. ಕಾರ್ಖಾನೆಯಲ್ಲಿ ಜಾಗ್ರತೆ ಬೇಕಾದದ್ದು ಪುಡಿಯ ವಿಷಯದಲ್ಲಿ, ಅದು ಉಸಿರಿನ ಜೊತೆ ಒಳಗೆ ಹೋಗಬಾರದು. ಇನ್ನೊಂದು ಅಪಾಯ ಅಣುವಿಗೆ ಸಂಬಂಧಪಟ್ಟದ್ದೇ ಅಲ್ಲ. ಜರ್ಕೋನಿಯಂ ತುರಿದಾಗ ಬೀಳುವ ಸಣ್ಣ ಚಿಪ್ಸ್, ಪುಡಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ನೀರು ಹಾಕಿದರೆ ಇನ್ನೂ ಕೆಡುತ್ತದೆ, ಒಣ ಮರಳು ಹಾಕಬೇಕು. ಮೆಷಿನ್ ಕೆಳಗೆ ಚಿಪ್ಸ್ ಗುಡ್ಡೆ ಬೀಳಲು ಬಿಡಬಾರದು. ಪುಡಿ, ಚಿಪ್ಸ್ ಬಗ್ಗೆ ನಮ್ಮ ಪಂಚಾಯ್ತಿಯಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಕೂದಲಿನದೇ ಚಿಂತೆ.

ಒಳಗಿನ ವಿಷಯ ಅವಳು ಹೇಳುವುದಿಲ್ಲ. ಹೇಳಬಾರದು ಕೂಡ. ಆದರೆ ಫೋನ್ ಮಾಡಿದಾಗ ಒಂದು ಮಾತು ಹೇಳಿದಳು: "ಮಾವ, ಇಲ್ಲಿ ಅಳತೆ ತಪ್ಪಿದ್ರೆ ಬೈಯಲ್ಲ, ಬರೆಯದೇ ಇದ್ರೆ ಬೈತಾರೆ." ಇದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು, ನಿಜವಾಗಿ. ನಾನು ಅಪ್ರೆಂಟಿಸ್ ಇದ್ದ ಕಾರ್ಖಾನೆಯಲ್ಲಿ, ಹೆಸರು ಬೇಡ, ಸಂಜೆ ಶಿಫ್ಟ್ ಮುಗಿಯುವಾಗ ಸೂಪರ್‌ವೈಸರ್ ಇನ್ಸ್‌ಪೆಕ್ಷನ್ ಶೀಟ್ ತಗೊಂಡು ಕೂತು, ಮೈಕ್ರೋಮೀಟರ್ ಮುಟ್ಟದೆ, ಡ್ರಾಯಿಂಗ್‌ನಲ್ಲಿದ್ದ ಅಳತೆಯ ಆಚೀಚೆ ಒಂದೊಂದು ನಂಬರ್ ಬರೆದು ತುಂಬಿಸುತ್ತಿದ್ದ. ನಮಗೆ ಟೀ ತರುವುದು, ಟ್ರಾಲಿ ತಳ್ಳುವುದು. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ, ಅಪ್ರೆಂಟಿಸ್ ಅಂದರೆ ಕಲಿಯುವವನು, ಕಾರ್ಮಿಕ ಅಲ್ಲ. ನಮ್ಮಲ್ಲಿ ಎಷ್ಟೋ ಕಡೆ ಅದನ್ನು ಅರ್ಥ ಮಾಡಿಕೊಂಡಿರುವುದು ಸಂಬಳ ಕಡಿಮೆ ಕೊಡುವ ಮಟ್ಟಿಗೆ ಮಾತ್ರ.

ಭಾವನ ಎರಡನೇ ಪ್ರಶ್ನೆ ಮಾತ್ರ ನ್ಯಾಯವಾದದ್ದು: "ಒಂದು ವರ್ಷ ಆದ್ಮೇಲೆ ಪರ್ಮನೆಂಟ್ ಮಾಡ್ತಾರಾ?" ಅಪ್ರೆಂಟಿಸ್ ಮಾಡಿದ ಮಾತ್ರಕ್ಕೆ ಅಲ್ಲೇ ಕೆಲಸ ಗ್ಯಾರಂಟಿ ಇಲ್ಲ. ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್ ಸಿಗುತ್ತದೆ, ಮುಂದೆ ನೇಮಕಾತಿ ಕರೆದಾಗ ಎಲ್ಲರ ಜೊತೆ ಅರ್ಜಿ ಹಾಕಬೇಕು. ಸ್ಟೈಪೆಂಡ್ ರೂಮು, ಊಟಕ್ಕೆ ಸರಿಹೋಗುತ್ತದೆ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕಳಿಸಬೇಡಿ. ಹಾಗಂತ ಸುಮ್ನೆ ಮನೆಯಲ್ಲಿ ಕೂರಿಸಿ ಇನ್ನೊಂದು ಕೋರ್ಸ್‌ಗೆ ಸಾಲ ಮಾಡಿ ಸೇರಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು ಅಂತ ನನ್ನ ಅಭಿಪ್ರಾಯ.

ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ ಕಡೆ ಮೆಷಿನ್ ಶಾಪ್ ನಡೆಸುವ ಗೆಳೆಯರು ಇಲ್ಲಿ ತುಂಬಾ ಜನ ಇದ್ದೀರಿ. ಇವಳಂಥವರು ನಾಳೆ ನಿಮ್ಮ ಬಾಗಿಲಿಗೆ ಬಂದರೆ "ಅಲ್ಲೇ ಯಾಕೆ ಉಳಿಸಿಕೊಳ್ಳಲಿಲ್ಲ?" ಅಂತ ಶುರು ಮಾಡಬೇಡಿ. ಒಂದು ಮೈಕ್ರೋಮೀಟರ್, ಅಳೆಯಲು ಒಂದು ಪೀಸ್ ಕೈಗೆ ಕೊಡಿ. ಅವರು ಬರೆದ ನಂಬರ್ ನೋಡಿ ಆಮೇಲೆ ಸಂಬಳ ಮಾತಾಡಿ.