ರಿಫ್ ಮೊದಲು, ಥಿಯರಿ ಆಮೇಲೆ

ಗಿಟಾರ್ ಕೈಗೆ ಬಂದವರು ಮೊದಲು ಕೇಳುವುದು ಸ್ಕೇಲ್, ಅಂದರೆ ಹಾಡಿನ ಸ್ವರಗಳ ಮೆಟ್ಟಿಲು, ಯಾವುದು ಅಂತ ಅಲ್ಲ. ಆ ಹಾಡಿನ ಶುರುವಿನಲ್ಲಿ ಬರುತ್ತಲ್ಲ, ಅದನ್ನು ಹೇಗೆ ನುಡಿಸೋದು ಅಂತ. ಆ 'ಅದು' ಬಹಳ ಸಲ ಡೀಪ್ ಪರ್ಪಲ್ ತಂಡದ 'ಸ್ಮೋಕ್ ಆನ್ ದ ವಾಟರ್' ಆಗಿರುತ್ತದೆ. 1972ರಲ್ಲಿ ಬಂದ ಹಾಡು, ಇನ್ನೂ ಹೊಸಬರ ಕೈ ಬಿಟ್ಟಿಲ್ಲ. ಕಾರಣ ಸರಳ. ಕೆಳಗಿನಿಂದ ಮೂರನೇ ತಂತಿ, ಅಂದರೆ ಜಿ ತಂತಿ, ಅದೊಂದೇ ಸಾಕು. ಸೊನ್ನೆ, ಮೂರು, ಐದು. ಸೊನ್ನೆ, ಮೂರು, ಆರು, ಐದು. ಸೊನ್ನೆ, ಮೂರು, ಐದು, ಮೂರು, ಸೊನ್ನೆ. ಇವು ಫ್ರೆಟ್ ನಂಬರುಗಳು, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ ಎಣಿಕೆ, ಸೊನ್ನೆ ಅಂದರೆ ತಂತಿ ಒತ್ತದೆ ನುಡಿಸುವುದು. ಫ್ರೆಟ್ ಎಣಿಸಲು ಬಂದರೆ ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಪುಟ್ಟ ಸ್ವರಸಾಲು, ಬಂದ ಹಾಗೆಯೇ. ವಾದ್ಯದ ಅಂಗಡಿಯವರ ಪಾಡು ಬೇರೆ ಮಾತು.

ಇದನ್ನು ನುಡಿಸಿ ನುಡಿಸಿ ಬೆರಳಿಗೆ ಅಭ್ಯಾಸವಾದ ಮೇಲೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಆ ಆರನೇ ಫ್ರೆಟ್ ಯಾಕೆ ಹಾಗೆ ಚುಚ್ಚುತ್ತದೆ? ಉಳಿದ ಮೂರೂ ಒಂದೇ ಮನೆಯವರ ಹಾಗೆ ಇವೆ, ಇದೊಂದು ಮಾತ್ರ ಹಣಕುತ್ತದೆ. ಥಿಯರಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಾ? ಸ್ವರಗಳು ಜಿ, ಬಿ ಫ್ಲ್ಯಾಟ್, ಸಿ, ಡಿ ಫ್ಲ್ಯಾಟ್ (ಫ್ಲ್ಯಾಟ್ ಅಂದರೆ ಒಂದು ಫ್ರೆಟ್ ಕೆಳಗೆ). ಜಿ ಅನ್ನು ಷಡ್ಜ ಅಂದುಕೊಂಡರೆ ಸ, ಸಾಧಾರಣ ಗಾಂಧಾರ (ಕೆಳಗಿನ ಗ), ಶುದ್ಧ ಮಧ್ಯಮ (ಕೆಳಗಿನ ಮ), ಅದರ ಪಕ್ಕದಲ್ಲೇ ಪ್ರತಿ ಮಧ್ಯಮ (ಮೇಲಿನ ಮ). ನಮ್ಮ ಮೇಳಕರ್ತದ, ಅಂದರೆ ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟಿಯ, ಲೆಕ್ಕದಲ್ಲಿ ಎರಡು ಮಧ್ಯಮಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ರಾಕ್‌ಗೆ ಮೂಲವಾದ ಬ್ಲೂಸ್ ಸಂಗೀತದ ಸ್ಕೇಲಿಗೆ ಆ ಹಂಗಿಲ್ಲ, ಎರಡನ್ನೂ ಅಕ್ಕಪಕ್ಕ ಕೂರಿಸಿ ಆ ತಿಕ್ಕಾಟದಲ್ಲೇ ಮಜಾ ತೆಗೆದುಕೊಳ್ಳುತ್ತದೆ.

ಅದೇ ಪಾಠವನ್ನು ಪುಸ್ತಕದ ಮೊದಲ ಅಧ್ಯಾಯದಿಂದ ಶುರು ಮಾಡಿ ನೋಡಿ. ಅಯೋನಿಯನ್, ಡೋರಿಯನ್, ಫ್ರಿಜಿಯನ್, ಲಿಡಿಯನ್ ಅಂತ ಮೋಡ್‌ಗಳ, ಅಂದರೆ ಸ್ಕೇಲಿನ ಬಗೆಗಳ, ಏಳು ಹೆಸರು ಸಾಲಾಗಿ ಬಂದು ನಿಲ್ಲುತ್ತವೆ. ಮದುವೆ ಮನೆಯ ಬಾಗಿಲಲ್ಲೇ ಏಳು ಜನ ನೆಂಟರ ಪರಿಚಯ ಮಾಡಿಸಿದ ಹಾಗೆ. ಎಲ್ಲರಿಗೂ ನಗುತ್ತೇವೆ, ಊಟಕ್ಕೆ ಕೂರುವ ಹೊತ್ತಿಗೆ ಯಾರು ಯಾರು ಅನ್ನುವುದೇ ನೆನಪಿರಲ್ಲ. ಥಿಯರಿ ಬೇಡ ಅಂತ ನನ್ನ ವಾದ ಅಲ್ಲ. ಇನ್ನೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಅದು ತಲೆಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಅಷ್ಟೇ.

ಮೊದಲಿನ ರಿಫ್‌ನಲ್ಲೇ ಒಂದು ಆಟ ಆಡಬಹುದು. ಮೂರನೇ ಫ್ರೆಟ್ ಬಂದಲ್ಲೆಲ್ಲ ನಾಲ್ಕು ಒತ್ತಿ, ಆರು ಬಂದಲ್ಲಿ ಏಳು. ತಾಳ ಅದೇ, ನಡಿಗೆ ಅದೇ. ಆದರೆ ಅಷ್ಟು ಹೊತ್ತು ಕಣ್ಣು ಕೆಂಪು ಮಾಡಿಕೊಂಡಿದ್ದ ರಿಫ್ ಮಕ್ಕಳ ಪದ್ಯ ಆಗಿಬಿಡುತ್ತದೆ. ಸಾಧಾರಣ ಗಾಂಧಾರ ಹೋಗಿ ಅಂತರ ಗಾಂಧಾರ ಬಂತು, ಮೈನರ್ ಹೋಗಿ ಮೇಜರ್ ಬಂತು. ಒಂದು ಫ್ರೆಟ್ಟಿನ ಅಂತರ. ಮೇಜರ್ ಖುಷಿ, ಮೈನರ್ ದುಃಖ ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವೂ ಅಲ್ಲ, ಮೈನರ್‌ನಲ್ಲಿ ಕುಣಿಸುವ ಹಾಡುಗಳು ಬೇಕಾದಷ್ಟಿವೆ. ಆದರೆ ಗಾಂಧಾರ ಬದಲಾದರೆ ಹಾಡಿನ ಮುಖವೇ ಬದಲಾಗುತ್ತದೆ ಅನ್ನುವುದನ್ನು ಹತ್ತು ಪುಟ ಓದುವುದಕ್ಕಿಂತ ಹೀಗೆ ಕೇಳುವುದು ವಾಸಿ.

ಇಲ್ಲಿಂದ ಮುಂದೆ ನನಗೆ ಜಾಸ್ತಿ ಇಷ್ಟವಾಗುವ ಭಾಗ. ಇಷ್ಟು ಮುಖ್ಯವಾದ ಗಾಂಧಾರವನ್ನು ರಾಕ್ ಸಂಗೀತ ಎಷ್ಟೋ ಸಲ ಬೇಕೆಂದೇ ಬಿಟ್ಟುಬಿಡುತ್ತದೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಪವರ್ ಕಾರ್ಡ್ ಅಂದರೆ ಗಾಂಧಾರ ಬಿಟ್ಟ ಗುಂಪು. ಸ ಮತ್ತು ಪ, ಬೇಕಿದ್ದರೆ ಮೇಲೊಂದು ಸ. ಗಾಂಧಾರವೇ ಇಲ್ಲದ ಮೇಲೆ ಮೇಜರ್ ಕೂಡ ಅಲ್ಲ, ಮೈನರ್ ಕೂಡ ಅಲ್ಲ. 1964ರಲ್ಲಿ ಕಿಂಕ್ಸ್ ತಂಡದ 'ಯೂ ರಿಯಲಿ ಗಾಟ್ ಮಿ' ಬಂದಾಗ ಡೇವ್ ಡೇವೀಸ್ ಅನ್ನುವ ಹುಡುಗ ತನ್ನ ಆಂಪಿನ, ಅಂದರೆ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆಯ, ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿ ಆ ಒರಟು ಸದ್ದು ಹೊರಡಿಸಿದ್ದ. ಅಂಥ ಸದ್ದಿಗೆ ಇಂಥ ಕಾರ್ಡೇ ಯಾಕೆ ಹೊಂದುತ್ತದೆ ಅನ್ನುವುದಕ್ಕೆ ಒಂದು ಪುಟ್ಟ ಲೆಕ್ಕ ಇದೆ. ಸ ಮತ್ತು ಪ ಕಂಪನಗಳ ಅನುಪಾತ 2:3. ಡಿಸ್ಟಾರ್ಷನ್, ಅಂದರೆ ಸದ್ದಿನ ಆ ಒರಟುತನ, ಜೋರಾದಾಗ ನಾವು ನುಡಿಸಿದ ಎರಡು ಸ್ವರಗಳ ಜೊತೆಗೆ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ. ಮೂರರಲ್ಲಿ ಎರಡು ಕಳೆದರೆ ಒಂದು. ಅಂದರೆ ಅದೇ ಸ, ಒಂದು ಸ್ಥಾಯಿ ಕೆಳಗೆ. ಯಾರೂ ನುಡಿಸದ ಒಂದು ಮಂದ್ರ ಸ್ವರ ತಾನಾಗಿ ಬಂದು ಸೇರಿಕೊಳ್ಳುತ್ತದೆ, ಅದಕ್ಕೇ ಎರಡೇ ಬೆರಳಿನ ಕಾರ್ಡ್ ಅಷ್ಟು ತೂಕವಾಗಿ ಕೇಳುವುದು.

ಗಾಂಧಾರ ಸೇರಿಸಿದರೆ ಯಾಕೆ ಕೆಡುತ್ತದೆ? ಗಿಟಾರಿನ ಫ್ರೆಟ್‌ಗಳು ಒಂದು ಸ್ಥಾಯಿಯನ್ನು ಸಮವಾಗಿ 12 ಪಾಲು ಮಾಡಿವೆ. ಒಂದೊಂದು ಪಾಲೂ 100 ಸೆಂಟ್, ಸೆಂಟ್ ಅಂದರೆ ಸ್ವರಗಳ ಅಂತರ ಅಳೆಯುವ ಅಳತೆ. ಈ ಹಂಚಿಕೆಯಲ್ಲಿ ಪಂಚಮ ತನ್ನ ಸಹಜ ಜಾಗದಿಂದ ಬರೀ 2 ಸೆಂಟ್ ಆಚೆ ಬಿದ್ದಿದೆ, ಕಿವಿಗೆ ಗೊತ್ತೇ ಆಗಲ್ಲ. ಮೇಜರ್ ಗಾಂಧಾರ ಮಾತ್ರ ಸುಮಾರು 14 ಸೆಂಟ್ ಮೇಲೆ ಕೂತಿದೆ. ಸಾದಾ ಗಿಟಾರಿನಲ್ಲಿ ಅದನ್ನೂ ಸಹಿಸಿಕೊಳ್ಳುತ್ತೇವೆ. ಡಿಸ್ಟಾರ್ಷನ್ ಆ ತಪ್ಪನ್ನು ಎತ್ತಿ ಎತ್ತಿ ತೋರಿಸುತ್ತದೆ, ಕಾರ್ಡ್ ಕಲಸಿಹೋಗುತ್ತದೆ.

ಈಗ 'ಸ್ಮೋಕ್ ಆನ್ ದ ವಾಟರ್' ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಡೀಪ್ ಪರ್ಪಲ್‌ನ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಒಂದಲ್ಲ, ಎರಡು ತಂತಿ ನುಡಿಸುತ್ತಿರುವುದು ಗೊತ್ತಾಗುತ್ತದೆ. ಪ್ರತಿ ಸ್ವರದ ಕೆಳಗೂ ಅದರ ಪಂಚಮ ಇದೆ, ಪವರ್ ಕಾರ್ಡನ್ನೇ ತಲೆಕೆಳಗೆ ಮಾಡಿ ಇಟ್ಟ ಹಾಗೆ. ಪಿಕ್ (ತಂತಿ ಮೀಟುವ ಬಿಲ್ಲೆ) ಬಳಸದೆ ಎರಡೂ ತಂತಿಯನ್ನು ಬೆರಳಿನಿಂದ ಒಟ್ಟಿಗೆ ಕೀಳುತ್ತಾರೆ. ಒಂದೇ ತಂತಿಯಲ್ಲಿ ನುಡಿಸಿದಾಗ ಏನೋ ಬಡಕಲು ಅನ್ನಿಸುತ್ತಿತ್ತಲ್ಲ, ಇದೇ ಕಾರಣ.

ಗಾಂಧಾರ ಬಿಡುವ ಇನ್ನೊಂದು ಮೆತ್ತಗಿನ ದಾರಿ ಒಯಾಸಿಸ್ ತಂಡದ 'ವಂಡರ್‌ವಾಲ್'ನಲ್ಲಿ ಸಿಗುತ್ತದೆ. 1995ರ ಹಾಡು. ಎರಡನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿ, ಉಂಗುರದ ಬೆರಳು ಮತ್ತು ಕಿರುಬೆರಳನ್ನು ಕೆಳಗಿನ ಎರಡು ತಂತಿಗಳ ಮೂರನೇ ಫ್ರೆಟ್ಟಿನಲ್ಲಿ ಇಟ್ಟುಬಿಟ್ಟರೆ ಮುಗಿಯಿತು, ಪಲ್ಲವಿಗೆ ಮೊದಲಿನ ನಾಲ್ಕು ಕಾರ್ಡುಗಳ ಉದ್ದಕ್ಕೂ ಆ ಎರಡು ಬೆರಳು ಕದಲುವುದೇ ಇಲ್ಲ. ಹೊಸಬರಿಗೆ ಸುಲಭ ಅಂತ ಕಲಿಸುತ್ತಾರೆ. ಆದರೆ ಅಲ್ಲಿ ಎರಡು ಕಾರ್ಡುಗಳಲ್ಲಿ ಗಾಂಧಾರದ ಜಾಗಕ್ಕೆ ಮಧ್ಯಮ ಬಂದು ಕೂತಿದೆ, ಅದೇ ಸಸ್ ಫೋರ್. ಕಾರ್ಡ್ ಬದಲಾದರೂ ಎರಡು ಸ್ವರ ಬದಲಾಗದೆ ಮೇಲೆ ಮೊಳಗುತ್ತಲೇ ಇರುತ್ತವೆ. ಆ ಹಾಡಿಗೆ ಒಂದು ಥರ ತೀರ್ಮಾನವಾಗದ ಗುಣ ಇದೆ ಅಲ್ವಾ, ಅದರ ಅರ್ಧ ಪಾಲು ಈ ಸೋಮಾರಿ ಬೆರಳುಗಳದ್ದು.

ಮೋಡ್‌ಗಳ ವಿಷಯಕ್ಕೆ ಬಂದರೆ, ಕರ್ನಾಟಕ ಸಂಗೀತ ಕಿವಿಗೆ ಬಿದ್ದವರಿಗೆ ಕೆಲಸ ಅರ್ಧ ಮುಗಿದಿರುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' 1965ರದ್ದು. ಅದರ ರಿಫ್‌ನಲ್ಲಿ ಇರುವುದು ಮೂರೇ ಸ್ವರ, ಬಿ, ಸಿ ಶಾರ್ಪ್, ಡಿ (ಶಾರ್ಪ್ ಅಂದರೆ ಒಂದು ಫ್ರೆಟ್ ಮೇಲೆ). ಕೀತ್ ರಿಚರ್ಡ್ಸ್ ನಿದ್ದೆಗಣ್ಣಿನಲ್ಲಿ ಇದನ್ನು ನುಡಿಸಿ ಟೇಪಿಗೆ ಹಾಕಿದ್ದರಂತೆ, ಬೆಳಿಗ್ಗೆ ಕೇಳಿದರೆ ಒಂದಿಷ್ಟು ಗಿಟಾರ್, ಉಳಿದದ್ದೆಲ್ಲ ಗೊರಕೆ. ಹಾಡಿನ ಕೀ, ಅಂದರೆ ಅದರ ಷಡ್ಜ, ಇ. ಇ ಮೇಜರ್‌ನಲ್ಲಿ ಡಿ ಶಾರ್ಪ್ ಬರಬೇಕು, ಇವರು ಡಿ ನುಡಿಸಿದ್ದಾರೆ. ಕಾಕಲಿ ನಿಷಾದದ (ಮೇಲಿನ ನಿ) ಬದಲು ಕೈಶಿಕಿ (ಕೆಳಗಿನ ನಿ). ಪುಸ್ತಕ ಇದಕ್ಕೆ ಮಿಕ್ಸೊಲಿಡಿಯನ್ ಅನ್ನುತ್ತದೆ, ನಮಗೆ ಹರಿಕಾಂಭೋಜಿಯ ಸ್ವರಗಳು. ಹಾಗೆಯೇ ವೈಟ್ ಸ್ಟ್ರೈಪ್ಸ್ ತಂಡದ 'ಸೆವೆನ್ ನೇಷನ್ ಆರ್ಮಿ', 2003ರದ್ದು, ಫುಟ್‌ಬಾಲ್ ಮೈದಾನಗಳಲ್ಲಿ ಜನ ಮಾತಿಲ್ಲದೆ ಬರೀ ರಿಫ್ಫನ್ನೇ ಹಾಡುವ ಆ ಹಾಡು. ಎ ತಂತಿಯ ಮೇಲೆ ಏಳು, ಏಳು, ಹತ್ತು, ಏಳು, ಐದು, ಮೂರು, ಎರಡು. ಸ್ವರಗಳು ನಠಭೈರವಿಯವು, ಪಾಶ್ಚಾತ್ಯರ ಲೆಕ್ಕದಲ್ಲಿ ನ್ಯಾಚುರಲ್ ಮೈನರ್. ಅದು ಬಾಸ್ ಗಿಟಾರ್ ಅಂತ ಬಹಳ ಜನ ನಂಬಿದ್ದಾರೆ. ಆ ತಂಡದಲ್ಲಿ ಬಾಸ್ ನುಡಿಸುವವರೇ ಇರಲಿಲ್ಲ. ಸಾದಾ ಗಿಟಾರನ್ನೇ ಪೆಡಲ್ ಹಾಕಿ ಒಂದು ಸ್ಥಾಯಿ ಕೆಳಗೆ ಇಳಿಸಿದ್ದು.

ಸ್ವರಗಳು ಅಂತ ಮಾತ್ರ ಹೇಳಿದೆ, ರಾಗ ಅನ್ನಲಿಲ್ಲ. ಗಮಕ ಇಲ್ಲ, ಸಂಚಾರ ಇಲ್ಲ, ಬರೀ ಮೆಟ್ಟಿಲು. ಈ ರಿಫ್ ನಠಭೈರವಿಯಲ್ಲಿದೆ ಅಂತ ಸಂಗೀತ ಬಲ್ಲ ಅತ್ತೆಯ ಮುಂದೆ ಹೇಳಬೇಡಿ.

ಒಂದು, ಐದು, ಆರು, ನಾಲ್ಕು ಅನ್ನುವ ಪ್ರಸಿದ್ಧ ಕಾರ್ಡ್ ಸಾಲಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಸ್ಕೇಲಿನ ಎಷ್ಟನೇ ಸ್ವರದ ಮೇಲೆ ಕಾರ್ಡ್ ಕಟ್ಟಿದೆ ಅನ್ನುವುದೇ ಆ ನಂಬರ್. ಬೀಟಲ್ಸ್ ತಂಡದ 1970ರ 'ಲೆಟ್ ಇಟ್ ಬಿ' ಶುರುವಾಗುವುದು ಅದರಿಂದಲೇ, ಯೂಟೂ (U2) ತಂಡದ 1987ರ 'ವಿತ್ ಆರ್ ವಿತೌಟ್ ಯೂ' ಪೂರ್ತಿ ನಿಂತಿರುವುದೂ ಅದರ ಮೇಲೇ. ಎರಡನ್ನೂ ಪಕ್ಕಪಕ್ಕ ನುಡಿಸಿದ ದಿನ ಕಾರ್ಡುಗಳಿಗೆ ಅಕ್ಷರದ ಬದಲು ನಂಬರ್ ಯಾಕೆ ಕೊಡುತ್ತಾರೆ ಅಂತ ಹೊಳೆಯುತ್ತದೆ.

ಟ್ಯಾಬ್, ಅಂದರೆ ಯಾವ ತಂತಿಯ ಯಾವ ಫ್ರೆಟ್ ಒತ್ತಬೇಕು ಅಂತ ಬರೆದಿಡುವ ರೀತಿ, ಅದರ ಬಗ್ಗೆ ನನ್ನದೊಂದು ತಕರಾರಿದೆ. ಆರು ಗೆರೆ, ಅದರ ಮೇಲೆ ನಂಬರ್, ಯಾರು ಬೇಕಾದರೂ ಓದಬಹುದು, ಒಪ್ಪುತ್ತೇನೆ. ಆದರೆ ಸುಮ್ನೆ ಟೈಪ್ ಮಾಡಿಟ್ಟ ಟ್ಯಾಬ್‌ನಲ್ಲಿ ಎಲ್ಲಿ ಒತ್ತಬೇಕು ಅಂತ ಇರುತ್ತದೆ, ಎಷ್ಟು ಹೊತ್ತು ಅಂತ ಇರುವುದಿಲ್ಲ. 'ಸೆವೆನ್ ನೇಷನ್ ಆರ್ಮಿ'ಯ ಏಳು ನಂಬರನ್ನು ಸಮ ಅಂತರದಲ್ಲಿ ನುಡಿಸಿದರೆ ಯಾವ ಹಾಡು ಅಂತಲೇ ಗೊತ್ತಾಗಲ್ಲ. ಮೊದಲ ಸ್ವರ ಉದ್ದ, ಎರಡನೆಯದು ಗಿಡ್ಡ, ಮುಂದಿನ ಮೂರು ಒಂದನ್ನೊಂದು ದೂಡಿಕೊಂಡು ಬರುತ್ತವೆ, ಕೊನೆಯ ಎರಡು ಪೂರ್ತಿ ಕಾಲು ಚಾಚುತ್ತವೆ. ಇದು ಬರಬೇಕಾದರೆ ಮೊದಲು ಬಾಯಲ್ಲಿ ಹಾಡಿಕೊಳ್ಳಬೇಕು. ಬಾಯಿಗೆ ಬಾರದ್ದು ಬೆರಳಿಗೆ ಬರುವುದು ಕಷ್ಟ. ಟ್ಯಾಬ್ ನೆಚ್ಚಿಕೊಂಡವರಿಗೆ ಇಪ್ಪತ್ತು ಹಾಡುಗಳ ಶುರು ಗೊತ್ತಿರುತ್ತದೆ, ಒಂದರ ಕೊನೆಯೂ ಗೊತ್ತಿರುವುದಿಲ್ಲ.

ಟ್ಯಾಬ್ ಕೈಚೆಲ್ಲುವ ಇನ್ನೊಂದು ಜಾಗ ಇದೆ. ಅದೇ ಜಿ ತಂತಿಯ ಲೆಕ್ಕದಲ್ಲಿ ಬ್ಲೂಸ್‌ನ ಗಾಂಧಾರ ನಿಜಕ್ಕೂ ಮೂರನೇ ಫ್ರೆಟ್ಟಿನಲ್ಲೂ ಇಲ್ಲ, ನಾಲ್ಕನೆಯದರಲ್ಲೂ ಇಲ್ಲ, ಎರಡರ ನಡುವೆ ಎಲ್ಲೋ ಇದೆ. ಮೂರನ್ನು ಒತ್ತಿ ತಂತಿಯನ್ನು ಒಂಚೂರು ಎಳೆದು ಅದನ್ನು ಮುಟ್ಟಬೇಕು. ಟ್ಯಾಬ್ ಬರೆದವರು ಅಲ್ಲೊಂದು ಬಾಣ ಹಾಕಿ ಕಾಲು ಭಾಗ (1/4) ಅಂತ ಬರೆದು ಕೈತೊಳೆದುಕೊಂಡಿರುತ್ತಾರೆ. ಒಬ್ಬರು ಎಳೆದಷ್ಟು ಇನ್ನೊಬ್ಬರು ಎಳೆಯುವುದಿಲ್ಲ, ಅದೇ ಗಿಟಾರಿಸ್ಟ್ ಅದೇ ಹಾಡಿನಲ್ಲಿ ಎರಡು ಕಡೆ ಎರಡು ಥರ ಎಳೆದಿರುತ್ತಾರೆ. ಹಾಗಾಗಿ ಆ ಎರಡು ಸೆಕೆಂಡನ್ನು ಹಿಂದೆ ಮುಂದೆ ಓಡಿಸಿ, ವೇಗ ಅರ್ಧಕ್ಕೆ ಇಳಿಸಿ, ಕೇಳಿಕೊಂಡು ಎಳೆಯುವುದೇ ದಾರಿ. ಎಲೆಕ್ಟ್ರಿಕ್ ಗಿಟಾರಿಗೆ ಒಂಬತ್ತರ ಸೆಟ್, ಅಂದರೆ ತೆಳು ತಂತಿ, ಹಾಕಿದ್ದರೆ ಸಲೀಸು. ಅಕೌಸ್ಟಿಕ್‌ನ ದಪ್ಪನೆಯ ಹನ್ನೆರಡರ ಸೆಟ್‌ನಲ್ಲಿ ಮೂರನೇ ತಂತಿಗೆ ಸಾಮಾನ್ಯವಾಗಿ ಲೋಹದ ಸುತ್ತು ಇರುತ್ತದೆ, ಅದು ಸುಲಭಕ್ಕೆ ಜಗ್ಗುವುದಿಲ್ಲ. ಅಲ್ಲಿ ಹಠ ಹಿಡಿದು ಬೆರಳ ತುದಿ ಸುಲಿದುಕೊಳ್ಳುವ ಬದಲು ಮೂರರಿಂದ ನಾಲ್ಕಕ್ಕೆ ಜಾರಿಸಿ, ಸದ್ಯಕ್ಕೆ ನಡೆಯುತ್ತದೆ.