ರೂವಾರಿಯ ಹೆಸರು, ತೀರ್ಪುಗಾರರ ಸಹಿ

ಮಂಜುಗಡ್ಡೆಯ ಮೇಲೆ ಜಾರುತ್ತ ಸಂಗೀತಕ್ಕೆ ಆಡುವ ಫಿಗರ್ ಸ್ಕೇಟಿಂಗ್ ಸ್ಪರ್ಧೆ ಮುಗಿದು ಸ್ವಲ್ಪ ಹೊತ್ತಿಗೆಲ್ಲ ಅಭಿಮಾನಿಗಳ ಕೈಗೆ ಒಂದು ಹಾಳೆ ಬರುತ್ತದೆ. ಒಬ್ಬೊಬ್ಬ ಆಟಗಾರ್ತಿಯ ಪ್ರತಿ ಜಿಗಿತ, ಪ್ರತಿ ಗಿರಕಿ, ಅದರ ಮೂಲ ಅಂಕ, ಒಂಬತ್ತು ತೀರ್ಪುಗಾರರಲ್ಲಿ ಯಾರು ಎಷ್ಟು ಕೊಟ್ಟರು, ಯಾವ ಜಿಗಿತದ ಸುತ್ತು ಪೂರ್ತಿಯಾಗಲಿಲ್ಲ, ಎಲ್ಲವೂ ಸಾಲುಸಾಲಾಗಿ ಅದರಲ್ಲಿರುತ್ತದೆ. ಆಮೇಲೆ ಜಗಳ ಶುರು. ನಾನಿರುವ ಅಮೆರಿಕದ ಬಾಸ್ಟನ್ ಸುತ್ತಮುತ್ತ ಈ ಆಟಕ್ಕೆ ಹುಚ್ಚು ಹಚ್ಚಿಕೊಂಡವರು ಬಹಳ. ಇಲ್ಲಿದ್ದುಕೊಂಡು ಹಾಸನ, ಚಿಕ್ಕಮಗಳೂರು ಕಡೆಯ ನೃತ್ಯ ಸ್ಪರ್ಧೆಗಳನ್ನು ನೆನೆದಾಗ ನನಗೆ ಅನ್ನಿಸುವುದು ಒಂದೇ: ಆ ಹಾಳೆ ನಮ್ಮೂರಿಗೂ ಬರಬೇಕು. ಜಗಳವೂ ಅದರ ಜೊತೆಗೇ ಬರಲಿ.

ನಮ್ಮ ಕಡೆ ಭರತನಾಟ್ಯ ಸ್ಪರ್ಧೆ ಮುಗಿದ ಮೇಲೆ ಸಾಮಾನ್ಯವಾಗಿ ಕೇಳಿಸುವುದು ಮೂರು ಹೆಸರು ಮತ್ತು 'ತೀರ್ಪುಗಾರರ ತೀರ್ಮಾನವೇ ಅಂತಿಮ' ಎಂಬ ಮಾತು. ಅಂಕದ ಹಾಳೆ ಲಕೋಟೆಯೊಳಗೆ ಹೋಗುತ್ತದೆ. ಗೆಲ್ಲದ ಮಗುವಿಗೆ ತಾಳ ತಪ್ಪಿತೋ, ಅರಮಂಡಿ (ಮಂಡಿ ಬಾಗಿಸಿ ಅರ್ಧ ಕೂರುವ ಭಂಗಿ) ಕೂರಲಿಲ್ಲವೋ, ಅಭಿನಯ ಸಪ್ಪೆಯಾಯಿತೋ ತಿಳಿಯದು. ಕೇಳೋಣವೆಂದರೆ, ಹಿರಿಯ ಗುರುಗಳನ್ನು ಲೆಕ್ಕ ಕೇಳುವುದು ಅವಿನಯ ಎಂದು ದೊಡ್ಡವರೇ ತಡೆಯುತ್ತಾರೆ. ಆಗ ಮಾತು ಹೊರಗಿನ ಟೀ ಅಂಗಡಿಗೆ ಹೋಗುತ್ತದೆ. 'ಅವರ ಶಿಷ್ಯೆಗೇ ಕೊಟ್ರು ಬಿಡ್ರಿ' ಎಂಬ ಒಂದು ವಾಕ್ಯದಲ್ಲಿ ಗೆದ್ದವಳ ಸಾಧನೆಯೂ ತೀರ್ಪುಗಾರರ ಪ್ರಾಮಾಣಿಕತೆಯೂ ಎರಡೂ ಹಾಳಾಗುತ್ತವೆ.

ಸ್ಕೇಟಿಂಗ್‌ನವರಿಗೂ ಈ ಹಾಳೆ ಸುಲಭಕ್ಕೆ ಸಿಕ್ಕಿದ್ದಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತೆಂಬ ಹಗರಣವೆದ್ದು, ಕೊನೆಗೆ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. 6.0ಕ್ಕೆ ಅಂಕ ಹಾಕುವ ಹಳೆಯ ಕ್ರಮ ಹೋಗಿ, ಒಂದೊಂದು ಅಂಶಕ್ಕೂ ಬೇರೆ ಬೇರೆ ಅಂಕ ಕೊಡುವ ಕ್ರಮ ಬಂತು. ಆದರೆ ಅದರೊಂದಿಗೆ ಒಂದು ದೊಡ್ಡ ತಪ್ಪೂ ಬಂತು. ಒತ್ತಡದಿಂದ ಕಾಪಾಡಲೆಂದು ತೀರ್ಪುಗಾರರ ಹೆಸರನ್ನು ಅಂಕಗಳಿಂದ ಬೇರ್ಪಡಿಸಿದರು. ಅಂಕ ಕಾಣುತ್ತಿತ್ತು, ಕೊಟ್ಟವರು ಯಾರೆಂದು ಕಾಣುತ್ತಿರಲಿಲ್ಲ.

ಇದರ ಫಲ 2014ರಲ್ಲಿ ಸೋಚಿಯಲ್ಲಿ ಕಂಡಿತು. ಕೊರಿಯಾದ ಯುನಾ ಕಿಮ್ 2010ರಲ್ಲಿ ಚಿನ್ನ ಗೆದ್ದು, ಮರುವರ್ಷದ ವಿಶ್ವ ಚಾಂಪಿಯನ್‌ಶಿಪ್ ಆದ ಮೇಲೆ ಬಿಡುವು ತೆಗೆದುಕೊಂಡು, 2013ರಲ್ಲಿ ವಿಶ್ವ ಪಟ್ಟವನ್ನು ಮತ್ತೆ ಗೆದ್ದವರು. ಸೋಚಿಯಲ್ಲಿ ಎರಡೂ ಸುತ್ತು ಚೊಕ್ಕವಾಗಿ ಆಡಿ ಒಟ್ಟು 219.11 ಪಡೆದರು. ಆತಿಥೇಯ ರಷ್ಯಾದ ಅಡೆಲಿನಾ ಸೋಟ್ನಿಕೋವಾಗೆ 224.59. ಸೋಟ್ನಿಕೋವಾ ಫ್ರೀ ಸ್ಕೇಟ್ ಎಂಬ ಎರಡನೇ, ಉದ್ದದ ಸುತ್ತಿನಲ್ಲಿ 7 ಟ್ರಿಪಲ್ (ಮೂರು ಸುತ್ತಿನ ಜಿಗಿತ) ಇಟ್ಟಿದ್ದರು, ಕಿಮ್ 6. ಹಾಗಾಗಿ ಮೂಲ ಅಂಕದಲ್ಲಿ ಅವರು ಮುಂದಿದ್ದದ್ದು ನ್ಯಾಯವೇ. ಅಭಿಮಾನಿಗಳು ಒಪ್ಪದಿದ್ದದ್ದು ಅದರ ಮೇಲಿನ ಗುಣಮಟ್ಟದ ಅಂಕ ಮತ್ತು ಕಲಾ ಅಂಕವನ್ನು. ಯಾವ ತೀರ್ಪುಗಾರರು ಏನು ಕೊಟ್ಟರೆಂದು ತೋರಿಸುವ ದಾರಿಯೇ ಇರಲಿಲ್ಲವಾದ್ದರಿಂದ ಆ ಜಗಳ ಇವತ್ತಿಗೂ ಆರಿಲ್ಲ. 2016ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಆ ಮರೆಯನ್ನು ತೆಗೆದುಹಾಕಿತು. ಈಗ ತೀರ್ಪುಗಾರರ ಹೆಸರಿನೊಂದಿಗೇ ಅಂಕ ಹೊರಬರುತ್ತದೆ.

ಹೆಸರು ಹಾಕುವುದು ಹಾಸನ ಜಿಲ್ಲೆಗೆ ಹೊಸತಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಕೆಳಗೆ ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ರೂವಾರಿಗಳು, ಅಂದರೆ ಶಿಲ್ಪಿಗಳು, ತಮ್ಮ ಹೆಸರು, ಊರು, ಬಿರುದು ಕೆತ್ತಿಟ್ಟಿದ್ದಾರೆ. ಕೈ ಚೆನ್ನಾಗಿ ಕೂತಿದ್ದರೆ ಹೊಗಳಿಕೆ ಅವರಿಗೆ, ಕೂರದಿದ್ದರೆ ಬೈಗುಳವೂ ಅವರಿಗೇ. ಒಂಬೈನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಮಾಡಿದ್ದನ್ನು ನಾವು ಕಾಗದದ ಮೇಲೆ ಮಾಡಲು ಹಿಂಜರಿಯುತ್ತಿದ್ದೇವೆ.

ಹಾಳೆಯ ಒಳಗೆ ಏನಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾವು ಕಲಿಯಬೇಕಾದ್ದು ಅಲ್ಲಿದೆ. ಟ್ರಿಪಲ್ ಲಟ್ಜ್ ಎಂಬ ಜಿಗಿತವನ್ನು ತೆಗೆದುಕೊಳ್ಳಿ. ಹಿಮ್ಮುಖವಾಗಿ ಜಾರುತ್ತ, ಬ್ಲೇಡಿನ ಹೊರ ಅಂಚಿನ ಮೇಲೆ ನಿಂತು, ಇನ್ನೊಂದು ಕಾಲಿನ ತುದಿಯ ಹಲ್ಲು ಊರಿ, ಮೂರು ಸುತ್ತು ಹಾಕಬೇಕು. ಮೂಲ ಅಂಕ 5.90. ಜಿಗಿಯುವ ಕ್ಷಣದಲ್ಲಿ ಕಾಲು ಒಳ ಅಂಚಿಗೆ ಹೊರಳಿದರೆ ಅದು ಲಟ್ಜ್ ಅಲ್ಲ, ಬಹುತೇಕ ಫ್ಲಿಪ್ ಎಂಬ ಬೇರೆ ಜಿಗಿತ. ಹಾಳೆಯಲ್ಲಿ ಅಂಚಿನ ಗುರುತು ಬೀಳುತ್ತದೆ, ಅಂಕ ಇಳಿಯುತ್ತದೆ. ಸುತ್ತು ಪೂರ್ತಿಯಾಯಿತೇ, ಅಂಚು ಸರಿಯಿತ್ತೇ ಎಂದು ಮರುಪ್ರದರ್ಶನ ನೋಡಿ ನಿರ್ಧರಿಸುವುದು ಮೂರು ಜನರ ತಾಂತ್ರಿಕ ತಂಡ. ತೀರ್ಪುಗಾರರು -5ರಿಂದ +5ರವರೆಗೆ ಗುಣಮಟ್ಟ ಮಾತ್ರ ಹೇಳುತ್ತಾರೆ. ಒಂದೊಂದು ಹೆಜ್ಜೆಗೆ ಮೂಲ ಅಂಕದ ಶೇ 10. ಅತಿ ಹೆಚ್ಚು, ಅತಿ ಕಡಿಮೆ ಅಂಕ ತೆಗೆದು ಉಳಿದವುಗಳ ಸರಾಸರಿ ಹಿಡಿಯುತ್ತಾರೆ. ಚೆನ್ನಾಗಿ ಇಳಿದು +3 ಬಂದರೆ ಲಟ್ಜ್‌ಗೆ 7.67. ಸುತ್ತಿನ ಕೊರತೆ ಕಾಲು ಭಾಗಕ್ಕಿಂತ ಹೆಚ್ಚು, ಅರ್ಧಕ್ಕಿಂತ ಕಡಿಮೆ ಇದ್ದರೆ ಮೂಲವೇ ಶೇ 80ಕ್ಕೆ, ಅಂದರೆ 4.72ಕ್ಕೆ ಇಳಿದು, -2 ಸೇರಿ 3.78. ಮೂರು ಸುತ್ತೂ ಮುಗಿಸಿ ಬಿದ್ದರೆ ಸಾಮಾನ್ಯವಾಗಿ -5 ಬಿದ್ದು 2.95, ಬಿದ್ದದ್ದಕ್ಕೆ ಮತ್ತೆ 1 ಕಡಿತ. ಟಿ.ವಿ.ಯಲ್ಲಿ ನೋಡುವವರಿಗೆ ಸುತ್ತಿನ ಕೊರತೆ ಕಾಣುವುದೇ ಇಲ್ಲ, ಆಟಗಾರ್ತಿ ನಿಂತೇ ಇರುತ್ತಾಳೆ. 'ಬೀಳದೇ ಹೋದವಳಿಗೆ ಯಾಕಿಷ್ಟು ಕಡಿಮೆ' ಎಂಬ ಕೂಗಿನ ಅರ್ಧಕ್ಕೆ ಉತ್ತರ ಇಲ್ಲೇ ಇದೆ.

ಉಳಿದರ್ಧ ಜಗಳ ಕಲಾ ಅಂಕದ್ದು. 2022ರಿಂದ ಅದರಲ್ಲಿ ಮೂರೇ ಭಾಗ: ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ. ಕಾಲು ಅಂಕದ ಹೆಜ್ಜೆಯಲ್ಲಿ ಹತ್ತರವರೆಗೆ. ಮಹಿಳೆಯರ ಫ್ರೀ ಸ್ಕೇಟ್‌ನಲ್ಲಿ ಇದನ್ನು 2.67ರಿಂದ ಗುಣಿಸುವುದರಿಂದ, ಮೂರರಲ್ಲೂ ಸರಾಸರಿ ಕಾಲು ಕಾಲು ಏರಿದರೆ ಒಟ್ಟಿಗೆ 2 ಅಂಕ. ಪದಕದ ಬಣ್ಣ ಬದಲಾಗಲು ಅಷ್ಟು ಸಾಕು. ಹೆಸರಾದವರಿಗೆ, ಕೊನೆಯ ಗುಂಪಿನಲ್ಲಿ ಆಡುವವರಿಗೆ ಈ ಅಂಕ ತಾನೇ ತಾನಾಗಿ ಏರುತ್ತದೆಂದು ಅಭಿಮಾನಿಗಳು ವರ್ಷಗಳಿಂದ ದೂರುತ್ತಿದ್ದಾರೆ, ನನಗೂ ಅದು ಸರಿಯೆಂದೇ ಕಾಣುತ್ತದೆ. ಆದರೆ ಅವರು ಸಾಲು ತೋರಿಸಿ ದೂರುತ್ತಾರೆ. 'ಮೋಸ' ಎನ್ನುವ ಬದಲು 'ನಾಲ್ಕನೇ ತೀರ್ಪುಗಾರರು ಸಂಯೋಜನೆಗೆ ಬೇರೆಲ್ಲರಿಗಿಂತ ಒಂದು ಅಂಕ ಹೆಚ್ಚು ಕೊಟ್ಟಿದ್ದಾರೆ, ಯಾಕೆ?' ಎನ್ನುತ್ತಾರೆ. ಎರಡಕ್ಕೂ ಎಷ್ಟು ಅಂತರ!

ನಮ್ಮ ಸ್ಪರ್ಧೆಗಳಲ್ಲಿ ಯಾರೂ ಕೆಟ್ಟ ಮನಸ್ಸಿಟ್ಟುಕೊಳ್ಳದೆಯೂ ತೀರ್ಪು ತಪ್ಪುವುದುಂಟು. ಮೂವರು ತೀರ್ಪುಗಾರರು ನೂರಕ್ಕೆ ಅಂಕ ಹಾಕುತ್ತಾರೆ ಎನ್ನಿ. ಇಬ್ಬರು ಸಂಕೋಚದವರು, ಎಲ್ಲರಿಗೂ 75ರಿಂದ 80ರ ಒಳಗೇ. ಮೂರನೆಯವರು ಧಾರಾಳಿ, 60ರಿಂದ 90ರವರೆಗೆ ಓಡಾಡುತ್ತಾರೆ. ಮೊದಲನೇ ಹುಡುಗಿಗೆ 78, 77, 60, ಒಟ್ಟು 215. ಎರಡನೆಯವಳಿಗೆ 75, 75, 88, ಒಟ್ಟು 238. ಇಬ್ಬರು ತೀರ್ಪುಗಾರರ ಕಣ್ಣಿಗೆ ಮೊದಲನೆಯವಳೇ ಮೇಲು, ಆದರೂ ಸೋತಳು. ಇಡೀ ಫಲಿತಾಂಶವನ್ನು ಅಗಲವಾಗಿ ಅಂಕ ಹಾಕುವ ಒಬ್ಬರೇ ಬರೆದಂತಾಯಿತು. ಮೂವರೇ ಇದ್ದಾಗ ಒಟ್ಟು ಮಾಡದೆ ನಡುವಿನ ಅಂಕ ಹಿಡಿಯಿರಿ: 77 ಮತ್ತು 75, ಮೊದಲನೆಯವಳು ಗೆದ್ದಳು. ಐವರು ಸಿಕ್ಕರೆ ಮೇಲಿನದು, ಕೆಳಗಿನದು ತೆಗೆದು ಮೂರರ ಸರಾಸರಿ. ಇದಕ್ಕೆ ಕಂಪ್ಯೂಟರ್ ಬೇಡ, ಒಂದು ರೂಲ್ಡ್ ಹಾಳೆ ಸಾಕು. ತಾಳ-ಲಯ, ಅಂಗಶುದ್ಧಿ, ಅಭಿನಯ, ಸಂಯೋಜನೆ ಎಂದು ನಾಲ್ಕು ಕಲಂ, ಪ್ರತಿಯೊಂದಕ್ಕೆ ಹತ್ತು, ಕೆಳಗೆ ಒಂದು ಸಾಲಿನ ಕಾರಣ, ಸಹಿ. ತನ್ನದೇ ಶಿಷ್ಯೆ ವೇದಿಕೆಗೆ ಬಂದಾಗ ಆ ತೀರ್ಪುಗಾರರು ಪೆನ್ನು ಕೆಳಗಿಡಬೇಕು. ಹಾಳೆಯಲ್ಲಿ 'ನನ್ನ ಶಿಷ್ಯೆ' ಎಂದು ಬರೆದರೆ ಮುಗಿಯಿತು. ಸಣ್ಣ ಊರಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಅದನ್ನು ಮುಚ್ಚಿಡುವುದರಿಂದಲೇ ಅನುಮಾನ ಹುಟ್ಟುವುದು.

ಹಾಡಿನ ವಿಷಯದಲ್ಲಿ ಮಾತ್ರ ನಮ್ಮವರ ಕಿವಿಯೇ ಮೇಲು. ಸ್ಕೇಟಿಂಗ್‌ನಲ್ಲಿ 'ಕಾರ್ಮೆನ್', 'ಸ್ವಾನ್ ಲೇಕ್' ಸಂಗೀತ ಸವೆದುಹೋಗಿದೆ ಎಂಬುದು ಅಭಿಮಾನಿಗಳ ಹಳೆಯ ಗೋಳು. 1988ರ ಕ್ಯಾಲ್ಗರಿಯಲ್ಲಿ ಕಟರೀನಾ ವಿಟ್, ಡೆಬಿ ಥಾಮಸ್ ಇಬ್ಬರೂ ಚಿನ್ನಕ್ಕಾಗಿ 'ಕಾರ್ಮೆನ್'ಗೇ ಆಡಿದ್ದರು. ಒಂಟಿ ಮತ್ತು ಜೋಡಿ ಸ್ಪರ್ಧೆಗಳಲ್ಲಿ ಸಾಹಿತ್ಯವಿರುವ ಹಾಡಿಗೆ ಅನುಮತಿ ಸಿಕ್ಕಿದ್ದೇ 2014ರಲ್ಲಿ. ಆದರೆ ದೂರು ಬಹುಪಾಲು ಯಾವ ಹಾಡು ಎಂಬಲ್ಲಿಗೆ ನಿಲ್ಲುತ್ತದೆ. ಹಾಡನ್ನು ಎಲ್ಲಿ ಕತ್ತರಿಸಿದರು ಎಂಬುದಕ್ಕೆ ಹೋಗುವವರು ಕಡಿಮೆ. ಸಮಯದ ಮಿತಿ ಬಿಗಿ: ಮೊದಲ ಸುತ್ತಾದ ಶಾರ್ಟ್ ಪ್ರೋಗ್ರಾಮ್ 2 ನಿಮಿಷ 40 ಸೆಕೆಂಡ್, ಫ್ರೀ ಸ್ಕೇಟ್ 4 ನಿಮಿಷ, ಆಚೀಚೆ ಹತ್ತು ಸೆಕೆಂಡ್. 1984ರಲ್ಲಿ ಬ್ರಿಟನ್ನಿನ ಐಸ್ ಡಾನ್ಸ್ ಜೋಡಿ ಟಾರ್ವಿಲ್ ಮತ್ತು ಡೀನ್ 'ಬೊಲೆರೊ' ಸಂಗೀತವನ್ನು 4 ನಿಮಿಷ 28 ಸೆಕೆಂಡಿಗಿಂತ ಕಡಿಮೆ ಮಾಡಲಾಗದೆ, ಮೊದಲ 18 ಸೆಕೆಂಡ್ ಮಂಡಿಯೂರಿಯೇ ಚಲಿಸಿದರು. ಆಗಿನ ನಿಯಮದಲ್ಲಿ ಬ್ಲೇಡು ಮಂಜಿಗೆ ತಾಗಿದ ಮೇಲೆ ತಾನೇ ಗಡಿಯಾರ ಓಡಬೇಕಾಗಿದ್ದದ್ದು. ಸಂಗೀತವನ್ನು ಕಡಿಯುವ ಬದಲು ನಿಯಮದೊಳಗೆ ಜಾಗ ಹುಡುಕಿದ ಈ ಉದಾಹರಣೆ ನನಗೆ ತುಂಬ ಹಿಡಿಸುತ್ತದೆ.

ನಮ್ಮಲ್ಲಿ ನಟುವಾಂಗ, ಮೃದಂಗ ಎದುರಿಗಿದ್ದಾಗ ಈ ಕಷ್ಟವಿಲ್ಲ. ಪೆನ್ ಡ್ರೈವ್ ಬಂದಲ್ಲಿಂದ ಶುರುವಾಯಿತು. ಅವಧಿಗೆ ಹೊಂದಿಸಲು ಹಾಡನ್ನು ಆವರ್ತದ ನಡುವೆ ಕತ್ತರಿಸುತ್ತಾರೆ. ಆದಿತಾಳದ ಎಂಟರಲ್ಲಿ ಐದಕ್ಕೇ ಕಡಿದು ಮುಂದಿನ ತುಂಡಿನ ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಅಂಟಿಸಿದರೆ, ಹೆಜ್ಜೆ ಎಷ್ಟೇ ಶುದ್ಧವಿದ್ದರೂ ಮುಂದಿನ ಸಾಲಿನ ಅಜ್ಜಿಯ ತಾಳ ಹಾಕುವ ಕೈ ತೊಡೆಯ ಮೇಲೆ ನಿಂತುಬಿಡುತ್ತದೆ. ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ಸಮದಿಂದ ಆಚೆಗಿರುವ ಹಾಡಿನಲ್ಲಿ ಇನ್ನೂ ಕಷ್ಟ. ಒಂದು ಆವರ್ತಕ್ಕೆ 8 ಸೆಕೆಂಡ್ ಹಿಡಿಯುವ ಕಾಲದಲ್ಲಿ 4 ನಿಮಿಷಕ್ಕೆ ಸರಿಯಾಗಿ 30 ಆವರ್ತ. ಮೊದಲು ಆವರ್ತ ಎಣಿಸಿ, ಆಮೇಲೆ ಕತ್ತರಿಸಬೇಕು. ಎರಡು ಬೇರೆ ಧ್ವನಿಮುದ್ರಣ ಜೋಡಿಸುವುದಾದರೆ ಶ್ರುತಿಯೂ ಒಂದೇ ಇರಬೇಕು. ಆ ಅಜ್ಜಿಗೆ ಇದೆಲ್ಲ ಯಾವ ಹಾಳೆಯೂ ಇಲ್ಲದೆ ಗೊತ್ತಾಗುತ್ತದೆ. ಸ್ಕೇಟಿಂಗ್ ಅಭಿಮಾನಿಗಳು ಅಂಕ ಓದುವುದರಲ್ಲಿ ಮುಳುಗಿ ಕಿವಿ ಮುಚ್ಚಿಕೊಳ್ಳುವುದನ್ನು ಕಂಡಾಗ, ಇವರಿಗೂ ಅಂಥ ಒಬ್ಬ ಅಜ್ಜಿ ಪಕ್ಕದಲ್ಲಿರಬೇಕಿತ್ತು ಅನ್ನಿಸುತ್ತದೆ.

ಇನ್ನು ಮರಳಿ ಬರುವವರ ಮಾತು. ಅಲಿಸಾ ಲಿಯು 13ನೇ ವಯಸ್ಸಿಗೆ ಅಮೆರಿಕದ ಚಾಂಪಿಯನ್, 16ಕ್ಕೆ ನಿವೃತ್ತಿ. ಸುಮಾರು ಎರಡು ವರ್ಷ ದೂರವಿದ್ದು, ಹಾಡು ಮತ್ತು ಉಡುಪನ್ನು ತಾನೇ ಆರಿಸುವ ಸ್ವಾತಂತ್ರ್ಯದೊಂದಿಗೆ ಬಂದು, 2025ರ ಮಾರ್ಚ್‌ನಲ್ಲಿ ಇದೇ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಬಾಲ್ಯದಲ್ಲಿ ಹೆಸರು ತಂದುಕೊಟ್ಟಿದ್ದ ಟ್ರಿಪಲ್ ಆಕ್ಸೆಲ್ (ಮೂರೂವರೆ ಸುತ್ತಿನ ಜಿಗಿತ) ಆಗಲಿ ನಾಲ್ಕು ಸುತ್ತಿನ ಲಟ್ಜ್ ಆಗಲಿ ಆ ಗೆಲುವಿನಲ್ಲಿ ಇರಲಿಲ್ಲ. ನನಗೆ ಇನ್ನೂ ಹೆಚ್ಚು ಮುಖ್ಯವೆನಿಸುವುದು ಡಿಯಾನಾ ಸ್ಟೆಲಾಟೊ-ಡುಡೆಕ್ ಕಥೆ. 2000ದಲ್ಲಿ ಕಿರಿಯರ ವಿಶ್ವ ಬೆಳ್ಳಿ, ಸೊಂಟದ ಗಾಯದಿಂದ ಹದಿಹರೆಯದಲ್ಲೇ ವಿದಾಯ, 2016ರಲ್ಲಿ ಮರಳಿಕೆ, ಅದೂ ಒಂಟಿ ಸ್ಪರ್ಧೆ ಬಿಟ್ಟು ಜೋಡಿಗೆ. 2024ರಲ್ಲಿ ಮಾಂಟ್ರಿಯಲ್‌ನಲ್ಲಿ 40ನೇ ವಯಸ್ಸಿಗೆ ವಿಶ್ವ ಪಟ್ಟ. ಅಭಿಮಾನಿಗಳು ಇವರ ವಯಸ್ಸಿನ ಬಗ್ಗೆಯೂ ವಾದಿಸಿದರು, ನಿಜ. ಆದರೆ 'ಯಾಕೆ ಬಂದೆ' ಎಂದವರು ಕಡಿಮೆ. ಯಾವ ಎತ್ತುವಿಕೆಗೆ ಎಷ್ಟು ಅಂಕ ಬಂತು ಎಂದೇ ಮಾತು.

ಹಾಸನದಲ್ಲೋ ಕಡೂರಿನಲ್ಲೋ ಹುಡುಗಿ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾಗಿ, ರಂಗಪ್ರವೇಶ ಮಾಡಿ, ಪಿಯುಸಿ ಬಂತೆಂದು ಗೆಜ್ಜೆ ಎತ್ತಿಟ್ಟರೆ ಮುಗಿಯಿತು. ಮೂವತ್ತೈದಕ್ಕೆ ಮತ್ತೆ ಕಟ್ಟಲು ಹೊರಟರೆ 'ಈಗ್ಯಾಕಮ್ಮ ಅದೆಲ್ಲ' ಎನ್ನುತ್ತಾರೆ. ಸ್ಪರ್ಧೆಗಳಲ್ಲಿ ಅವರಿಗೆ ಒಂದು ವಿಭಾಗವೂ ಇರುವುದಿಲ್ಲ. ನನ್ನ ಮಟ್ಟಿಗೆ ಇದು ಹಾಳೆ ಮುಚ್ಚಿಡುವುದಕ್ಕಿಂತ ದೊಡ್ಡ ನಷ್ಟ. ಬಿಟ್ಟು ಬಂದವರಲ್ಲಿ ಮೊದಲು ಹೋಗುವುದು ಅರಮಂಡಿಯ ಆಳ ಮತ್ತು ದಮ್ಮು. ಅಭಿನಯ ಹೋಗುವುದಿಲ್ಲ, ಬದುಕು ಕಂಡ ಮುಖದಲ್ಲಿ ಅದು ಹದವಾಗಿರುತ್ತದೆ. ಮರಳಿದ ಸ್ಕೇಟರ್ ನೇರವಾಗಿ ಟ್ರಿಪಲ್‌ಗೆ ಹೋಗುವುದಿಲ್ಲ. ಹೊಸ ಬೂಟು ಪಳಗಿಸಿ, ಅಂಚುಗಳ ಮೇಲೆ ಜಾರಿ, ಒಂದು ಸುತ್ತಿನ ಜಿಗಿತದಿಂದ ಶುರುಮಾಡುತ್ತಾರೆ. ಇಲ್ಲೂ ಮೊದಲ ಕೆಲ ತಿಂಗಳು ತಟ್ಟಡವು, ನಾಟಡವಿನಂಥ ಮೂಲ ಹೆಜ್ಜೆಗಳು ನಿಧಾನದ ಒಂದನೇ ಕಾಲದಲ್ಲೇ ಇರಲಿ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ತಟ್ಟಿದರೆ ಮೊಣಕಾಲು, ಮುಂಗಾಲಿನ ಮೂಳೆ ಬೇಗ ನೋಯುತ್ತದೆ. ಮರದ ಹಲಗೆ ಸಿಕ್ಕರೆ ಒಳ್ಳೆಯದು. ವರ್ಣದ ಬಿರುಸಿನ ಜತಿಗಳಿಗೆ ಆತುರಪಡದೆ ಅಭಿನಯವೇ ಮುಖ್ಯವಾದ ಒಂದು ಪದವನ್ನೋ ಜಾವಳಿಯನ್ನೋ ಚೆನ್ನಾಗಿ ಕೂರಿಸಿಕೊಂಡರೆ ವೇದಿಕೆಗೆ ಅಷ್ಟು ಸಾಕು.

ಮೂವತ್ತು ದಾಟಿದವರಿಗೆ ಸಂಘಟಕರು ಒಂದು ವಿಭಾಗ ತೆರೆಯಲಿ, ಕಿರಿಯರಿಗೆ ಕೊಡುವ ಅದೇ ಹಾಳೆಯನ್ನು ಅವರಿಗೂ ಕೊಡಲಿ. ಅಂಗಶುದ್ಧಿಗೆ 6, ಅಭಿನಯಕ್ಕೆ 9, 'ಎರಡನೇ ಕಾಲದಲ್ಲಿ ಮಂಡಿ ಏಳುತ್ತದೆ' ಎಂದು ಬರೆದು ಸಹಿ ಹಾಕಿದ ಕಾಗದ ಕೈಗೆ ಸಿಕ್ಕರೆ, ಮಾರನೆಯ ಬೆಳಿಗ್ಗೆ ಯಾವ ಅಡವಿನಿಂದ ಶುರುಮಾಡಬೇಕೆಂದು ಆಕೆಗೆ ತಿಳಿದಿರುತ್ತದೆ.